ಖರ್ಜೂರದ ಗರಿ ಹಳದಿಯಾದರೆ ಬ್ಯಾಕ್ಟೀರಿಯಾ ರೋಗವೇ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಬಳಿಯ ಖರ್ಜೂರದ ಮರದಲ್ಲಿ ಕೆಳಗಿನ ಗರಿಗಳು ಹಳದಿಯಾಗುತ್ತಿವೆ. ಇದು ಬ್ಯಾಕ್ಟೀರಿಯಾ ರೋಗ, ಆ್ಯಂಟಿಬಯಾಟಿಕ್ ಪುಡಿ ಕಲಸಿ ಸುಳಿಗೆ ಸುರಿಯಬೇಕು ಎಂದು ಮಾಲಿ ಹೇಳುತ್ತಾರೆ. ಸುರಿಯಬಹುದೇ?

ಉತ್ತರ: ಬೇಡ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಈ ಮರಗಳು ಹೆಚ್ಚಿದಂತೆಲ್ಲ ಇದೇ ಪ್ರಶ್ನೆ ಬರುತ್ತಿದೆ, ಇದೇ ಉತ್ತರವನ್ನು ಬರೆಯುತ್ತಿದ್ದೇನೆ. ಹಳದಿ ಕಂಡೊಡನೆ ಬ್ಯಾಕ್ಟೀರಿಯಾವನ್ನು ದೂರುವ ಅಭ್ಯಾಸ ಮಾತ್ರ ಹೋಗಿಲ್ಲ.

ಮೊದಲು ನೋಡಬೇಕಾದದ್ದು ಬಣ್ಣ ಯಾವ ಗರಿಯಿಂದ ಆರಂಭವಾಯಿತು ಎಂಬುದನ್ನು. ಪೊಟ್ಯಾಷಿಯಂ ಕೊರತೆಯಾದಾಗ ಹಳೆಯ ಗರಿಗಳಲ್ಲಿ ಕಿತ್ತಳೆ-ಹಳದಿ ಚುಕ್ಕಿಗಳು ಮೂಡಿ ತುದಿ ಒಣಗುತ್ತದೆ. ಮೆಗ್ನೀಷಿಯಂ ಕೊರತೆಯಾದಾಗ ಅವೇ ಗರಿಗಳ ಅಂಚು ಹಳದಿಯಾಗಿ ನಡುಭಾಗ ಹಸಿರಾಗಿ ಉಳಿಯುತ್ತದೆ. ಮ್ಯಾಂಗನೀಸ್ ಕೊರತೆಯಾದರೆ ಹೊಸ ಗರಿಗಳು ಮುರುಟುತ್ತವೆ. ಕೈಯಾಡಿಸಿದಾಗ ಒರಟಾಗಿ ತಗಲುವ ಸಣ್ಣ ಕಪ್ಪು ಗುಳ್ಳೆಗಳು ಗ್ರಾಫಿಯೋಲಾ ಎಂಬ ಶಿಲೀಂಧ್ರದವು. ಕಾಂಡದ ತೂತಿನಿಂದ ಹುಳಿ ವಾಸನೆಯ ಕಂದು ರಸ ಸೋರುತ್ತ, ಜಗಿದುಗುಳಿದಂಥ ನಾರು ಹೊರಬರುತ್ತಿದ್ದರೆ ಒಳಗೆ ಕೆಂಪು ಮೂತಿ ಹುಳು ಇದೆ ಎಂದೇ ತಿಳಿಯಿರಿ. ಮೊರಾಕೊ, ಅಲ್ಜೀರಿಯಾಗಳ ತೋಟಗಳನ್ನು ಹಾಳುಗೆಡವಿದ ಕುಖ್ಯಾತ ಬಯೂದ್ ರೋಗಕ್ಕೂ ಕಾರಣ ಫ್ಯುಸೇರಿಯಂ ಎಂಬ ಶಿಲೀಂಧ್ರವೇ. ನಿಮ್ಮ ಪುಡಿ ಇವುಗಳಲ್ಲಿ ಒಂದಕ್ಕೂ ಮದ್ದಲ್ಲ. ಅರ್ಧ ಹಳದಿಯಾದ ಗರಿಗಳನ್ನು ಅಂದಕ್ಕಾಗಿ ಕಡಿಸಲೂ ಬೇಡಿ: ಮರವು ಹೊಸ ಗರಿಗೆ ಬೇಕಾದ ಪೊಟ್ಯಾಷಿಯಂ ಅನ್ನು ಅವುಗಳಿಂದಲೇ ಹಿಂತೆಗೆದುಕೊಳ್ಳುತ್ತಿರುತ್ತದೆ, ಕಡಿದರೆ ಕೊರತೆ ಮೇಲಿನ ಗರಿಗಳಿಗೆ ಏರುತ್ತದೆ.

ಹಾಗಾದರೆ ಖರ್ಜೂರಕ್ಕೆ ಬ್ಯಾಕ್ಟೀರಿಯಾ ರೋಗವೇ ಇಲ್ಲವೇ? ಇದೆ. ಮುಖ್ಯವಾದದ್ದು ಫೈಟೋಪ್ಲಾಸ್ಮಾ ಎಂಬ, ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯಾದಿಂದ ಬರುತ್ತದೆ. ಸುಳ್ಯ, ಶೃಂಗೇರಿ ಕಡೆಯ ಅಡಿಕೆ ಬೆಳೆಗಾರರನ್ನು ಕಂಗೆಡಿಸಿರುವ ಹಳದಿ ಎಲೆ ರೋಗಕ್ಕೂ ಈ ಗುಂಪಿನ ಜೀವಿಯೇ ಕಾರಣ. ಅಮೆರಿಕದ ಫ್ಲಾರಿಡಾದಲ್ಲಿ 2006ರಲ್ಲಿ ಕಾಣಿಸಿಕೊಂಡ ಇಂಥ ರೋಗದಲ್ಲಿ ಮೊದಲು ಕಾಯಿ ಉದುರಿ, ಹೊಂಬಾಳೆ ಕಪ್ಪಾಗಿ, ಹಳೆಯ ಗರಿಗಳು ಕಂಚಿನ ಬಣ್ಣಕ್ಕೆ ತಿರುಗಿ, ಬಳಿಕ ಸುಳಿಯೇ ಸಾಯುತ್ತದೆ. ಟೊಮೆಟೊ ಸೊರಗು ರೋಗವನ್ನು ಗುರುತಿಸಲು ಕತ್ತರಿಸಿದ ಕಾಂಡವನ್ನು ನೀರಿಗೆ ಅದ್ದಿ ಬಿಳಿ ಎಳೆ ಇಳಿಯುವುದನ್ನು ನೋಡುವ ಪರೀಕ್ಷೆ ಇಲ್ಲಿ ನಡೆಯದು. ಕಾಂಡದ ಒಳಭಾಗದ ಪುಡಿಯನ್ನು ಕೊರೆದು ತೆಗೆದು ಪ್ರಯೋಗಾಲಯದಲ್ಲಿ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸಿದರೆ ಮಾತ್ರ ಖಚಿತವಾಗುತ್ತದೆ. ಫ್ಲಾರಿಡಾದಲ್ಲಿಯೂ ಈ ರೋಗಕ್ಕೆ ಬಳಸುವ ಟೆಟ್ರಾಸೈಕ್ಲಿನ್ ಜಾತಿಯ ಆ್ಯಂಟಿಬಯಾಟಿಕ್ ಔಷಧವನ್ನು ಕಾಂಡಕ್ಕೆ ಚುಚ್ಚುತ್ತಾರೆಯೇ ಹೊರತು ಸುಳಿಗೆ ಸುರಿಯುವುದಿಲ್ಲ, ಮತ್ತು ಅದು ರೋಗವನ್ನು ಹತ್ತಿಕ್ಕುತ್ತದೆ, ವಾಸಿ ಮಾಡುವುದಿಲ್ಲ.

ಕಾಯಿ ಉದುರುವ ಮಾತು ಬಂದದ್ದರಿಂದ, ನೀವು ಕೇಳದಿದ್ದರೂ ಇನ್ನೊಂದು ವಿಷಯ. ಖರ್ಜೂರದಲ್ಲಿ ಗಂಡು ಮತ್ತು ಹೆಣ್ಣು ಮರಗಳು ಬೇರೆ ಬೇರೆ. ಹತ್ತಿರದಲ್ಲಿ ಗಂಡು ಮರವಿಲ್ಲದೆ, ಕೈಯಿಂದ ಪರಾಗವನ್ನೂ ಹಾಕದಿದ್ದರೆ, ಒಂದೊಂದು ಹೂವಿನಲ್ಲೂ ಬೀಜವಿಲ್ಲದ ಮೂರು ಸಣ್ಣ ಕಾಯಿಗಳು ಅಂಟಿಕೊಂಡೇ ಬೆಳೆಯುತ್ತವೆ, ಹಣ್ಣಾಗುವುದಿಲ್ಲ. ನಿಮ್ಮ ಗೊನೆಯಲ್ಲಿ ಅಂಥ ಮುಕ್ಕಾಯಿಗಳೇ ತುಂಬಿದ್ದರೆ ಮರಕ್ಕೆ ಇಲ್ಲದಿರುವುದು ಪರಾಗ.