ಬಾಸ್ಫರಸ್ ಹಡಗಿನ ವೇದಿಕೆಯಲ್ಲಿ ಕಾಣುವುದು ನಿಜವಾದ ಟರ್ಕಿಯೇ?

ಪ್ರಶ್ನೆ: ಮುಂದಿನ ರಜೆಯಲ್ಲಿ ಮನೆಮಂದಿಯೆಲ್ಲ ಇಸ್ತಾಂಬುಲ್‌ಗೆ ಹೊರಟಿದ್ದೇವೆ. ಪ್ಯಾಕೇಜ್‌ನಲ್ಲಿ ಒಂದು ಸಂಜೆ ‘ಬಾಸ್ಫರಸ್ ಡಿನ್ನರ್ ಕ್ರೂಸ್, ಸಾಂಪ್ರದಾಯಿಕ ಟರ್ಕಿಶ್ ಮನರಂಜನೆ ಸಹಿತ’ ಎಂದು ಬರೆದಿದೆ. ಜಾನಪದ ಕುಣಿತ, ಬೆಲ್ಲಿ ಡ್ಯಾನ್ಸ್, ಸೂಫಿ ನೃತ್ಯ ಎಲ್ಲವೂ ಇರುತ್ತದಂತೆ. ಇದು ಅಲ್ಲಿನ ನಿಜವಾದ ಸಂಪ್ರದಾಯವೋ, ಪ್ರವಾಸಿಗರಿಗಾಗಿ ಕಟ್ಟಿದ್ದೋ? ನಾವು ಸಸ್ಯಾಹಾರಿಗಳು. ಹೋಗಬಹುದೇ?

ಉತ್ತರ: ಹೋಗಿ ಬನ್ನಿ. ಆದರೆ ಊರಿನ ನಡುವೆ ಹಾಯುವ ಬಾಸ್ಫರಸ್ ಜಲಸಂಧಿಯ ಮೇಲಿನ ಆ ಮೂರು ಗಂಟೆಗಳ ಕಾರ್ಯಕ್ರಮವನ್ನು ಒಂದೇ ಸಂಪ್ರದಾಯ ಎಂದುಕೊಂಡು ಹೋಗಬೇಡಿ. ಅಲ್ಲಿ ಕಾಣುವ ಒಂದೊಂದು ತುಣುಕೂ ಬಹುಮಟ್ಟಿಗೆ ಟರ್ಕಿಯದೇ. ಅವನ್ನೆಲ್ಲ ಊಟದ ಮೇಜುಗಳ ನಡುವೆ ಒಂದರ ಹಿಂದೆ ಒಂದು ಜೋಡಿಸಿರುವುದು ಮಾತ್ರ ಪ್ರವಾಸೋದ್ಯಮದ ಕೆಲಸ. ಟರ್ಕಿಯ ಯಾವ ಊರಿನ ಹಬ್ಬದಲ್ಲೂ, ಯಾರ ಮನೆಯ ಮದುವೆಯಲ್ಲೂ ಇವಿಷ್ಟು ಒಟ್ಟಿಗೆ ನಡೆಯುವುದಿಲ್ಲ. ಜಾನಪದ ಕುಣಿತ, ಬೆಲ್ಲಿ ಡ್ಯಾನ್ಸ್, ನೀವು ಸೂಫಿ ನೃತ್ಯ ಎಂದ ದರ್ವೇಶಿಗಳ (ಸೂಫಿ ಸಾಧಕರ) ಸೆಮಾ, ಈ ಮೂರೂ ಆ ಹಡಗನ್ನು ಹತ್ತಿದ್ದು ಬೇರೆ ಬೇರೆ ದಾರಿಗಳಿಂದ. ಒಂದನ್ನು ಸರ್ಕಾರವೇ ತಿದ್ದಿ ತೀಡಿ ವೇದಿಕೆಗೆ ತಂದಿತು, ಇನ್ನೊಂದನ್ನು ಬಹುಕಾಲ ದೂರವಿಟ್ಟಿತು, ಮತ್ತೊಂದನ್ನು ಕಾನೂನು ಮಾಡಿ ನಿಲ್ಲಿಸಿತು. ಇಷ್ಟು ತಿಳಿದುಕೊಂಡು ಕುಳಿತರೆ ಆ ಸಂಜೆಯಿಂದ ನಿಮಗೆ ದಕ್ಕುವುದು ಹೆಚ್ಚು.

ಜಾನಪದ ಕುಣಿತಗಳಿಂದಲೇ ಶುರು ಮಾಡುತ್ತೇನೆ. ಇಡೀ ಕಾರ್ಯಕ್ರಮದಲ್ಲಿ ನನಗೆ ಹೆಚ್ಚು ಪ್ರೀತಿ ಇವುಗಳ ಮೇಲೆಯೇ. ತೋಳುಗಳನ್ನು ಅಗಲಕ್ಕೆ ಚಾಚಿ, ತೀರಾ ನಿಧಾನವಾಗಿ ಹೆಜ್ಜೆಯಿಡುತ್ತ, ಇದ್ದಕ್ಕಿದ್ದಂತೆ ಒಂದು ಮಂಡಿಯನ್ನು ನೆಲಕ್ಕೆ ತಾಗಿಸಿ ಏಳುವ ಗಂಡಸಿನ ಕುಣಿತ ಬಂದರೆ ಅದು ಜೆಯ್ಬೆಕ್. ಏಜಿಯನ್ ಕಡಲಿನ ಕಡೆಯ ಇಜ್ಮಿರ್, ಐದಿನ್ ಸುತ್ತಲಿನ ಬೆಟ್ಟಸೀಮೆಯದು. ಒಂದು ಕಾಲದಲ್ಲಿ ಅಲ್ಲಿನ ಗುಡ್ಡಗಳಲ್ಲಿ ಆಯುಧ ಹಿಡಿದು ತಿರುಗುತ್ತಿದ್ದ ಗುಂಪುಗಳಿಗೇ ಜೆಯ್ಬೆಕ್ ಎಂಬ ಹೆಸರಿತ್ತು. ಅವರ ನಾಯಕ ಎಫೆ. ಒಂಬತ್ತು ಮಾತ್ರೆಯ ತಾಳಕ್ಕೆ ಅವಸರವೇ ಇಲ್ಲದ ನಡೆ. ಯಾರಿಗೂ ತಲೆಬಾಗದವನೊಬ್ಬ ತನ್ನ ಪಾಡಿಗೆ ತಾನು ಕುಣಿಯುವ ರೀತಿ ಅದು.

ಅದರ ಬೆನ್ನಿಗೇ ಹೊರೊನ್ ಬಂದರೆ ನೀವು ಸಾವಿರ ಕಿಲೋಮೀಟರಿನಷ್ಟು ಪೂರ್ವಕ್ಕೆ, ಕಪ್ಪು ಸಮುದ್ರದ ದಂಡೆಯ ತ್ರಾಬ್ಜೋನ್, ರಿಜೆ ಕಡೆಗೆ ಹಾರಿದಿರಿ ಎಂದು ತಿಳಿಯಿರಿ. ಕೈ ಕೈ ಹಿಡಿದು ಸಾಲಾಗಿ ನಿಂತವರ ಭುಜ, ಮೊಣಕಾಲುಗಳೆಲ್ಲ ನಡುಗತೊಡಗುತ್ತವೆ. ಬಲೆಗೆ ಬಿದ್ದ ಹಮ್ಸಿ ಮೀನಿನ ಒದ್ದಾಟ ಎಂದು ಆ ಸೀಮೆಯವರೇ ಅದನ್ನು ವರ್ಣಿಸುತ್ತಾರೆ. ಮೂರು ತಂತಿಯ ಕೆಮೆಂಚೆ ಎಂಬ ವಾದ್ಯ ಏಳು ಮಾತ್ರೆಯ ತಾಳದಲ್ಲಿ ಓಡುತ್ತಿರುತ್ತದೆ. ಎರಡೂ ಕೈಗಳಲ್ಲಿ ಮರದ ಚಮಚಗಳನ್ನು ಹಿಡಿದು ತಾಳ ಹಾಕುವ ಕುಣಿತ ಕೊನ್ಯಾ, ಸಿಲಿಫ್ಕೆ ಕಡೆಯದು. ಹಲಾಯ್ ಎಂಬುದು ಅನಾತೋಲಿಯಾದ, ಅಂದರೆ ಟರ್ಕಿಯ ಏಷ್ಯಾ ಭಾಗದ, ಪೂರ್ವ ಮತ್ತು ಆಗ್ನೇಯದಲ್ಲಿ ಇಂದಿಗೂ ಮದುವೆಗಳ ಜೀವ. ಸಾಲಿನ ತುದಿಯವನ ಕೈಯಲ್ಲಿ ಬೀಸುವ ಕರವಸ್ತ್ರ, ಹಿಮ್ಮೇಳಕ್ಕೆ ದವುಲ್ ಎಂಬ ದೊಡ್ಡ ಡೋಲು ಮತ್ತು ನಮ್ಮ ಮೌರಿಯ ಕುಲಕ್ಕೇ ಸೇರಿದ ಜುರ್ನಾ. ಹಡಗಿನಲ್ಲಿ ಕೊನೆಗೆ ಅತಿಥಿಗಳನ್ನೂ ಎಬ್ಬಿಸಿ ಕುಣಿಸುವಾಗ ಸಾಮಾನ್ಯವಾಗಿ ಇಂಥ ಸಾಲನ್ನೇ ಕಟ್ಟುತ್ತಾರೆ. ಹೆಜ್ಜೆ ಕಷ್ಟವಲ್ಲ. ಸಂಕೋಚ ಬಿಟ್ಟು ಸೇರಿಕೊಳ್ಳಿ.

ಈ ಕುಣಿತಗಳು ವೇದಿಕೆಗೆ ಬಂದದ್ದು ಪ್ರವಾಸಿಗರಿಂದಾಗಿ ಅಲ್ಲ ಎಂಬುದನ್ನು ಗಮನಿಸಬೇಕು. ಸೆಲಿಮ್ ಸಿರ್ರಿ ತರ್ಜಾನ್ ಎಂಬ ವ್ಯಾಯಾಮ ಶಿಕ್ಷಕ 20ನೇ ಶತಮಾನದ ಆರಂಭದಲ್ಲಿ ಸ್ವೀಡನ್‌ಗೆ ಹೋಗಿ ಕಲಿತು ಬಂದು, ಜೆಯ್ಬೆಕ್ ಕುಣಿತವನ್ನು ಗಂಡು ಹೆಣ್ಣು ಜೊತೆಯಾಗಿ ಸಭಾಂಗಣದಲ್ಲಿ ಆಡುವಂತೆ ತಿದ್ದಿದರು. 1923ರಲ್ಲಿ ಗಣರಾಜ್ಯ ಸ್ಥಾಪನೆಯಾದ ಮೇಲೆ ಹಳ್ಳಿಯ ಹಾಡು ಕುಣಿತಗಳನ್ನು ಸಂಗ್ರಹಿಸುವುದೇ ರಾಷ್ಟ್ರ ಕಟ್ಟುವ ಕೆಲಸದ ಭಾಗವಾಯಿತು. 1932ರಲ್ಲಿ ಆರಂಭವಾದ ‘ಜನರ ಮನೆ’ಗಳಲ್ಲಿ ಊರೂರಿನ ಕುಣಿತಗಳನ್ನು ಕಲಿಸಿದರು. ಆಮೇಲೆ ಶಾಲೆ, ಕಾಲೇಜು, ಸ್ಪರ್ಧೆ, ಕೊನೆಗೆ ಸರ್ಕಾರದ್ದೇ ನೃತ್ಯತಂಡ. ಒಂದೇ ಅಳತೆಯ ಹೆಜ್ಜೆ, ಒಂದೇ ಬಣ್ಣದ ಉಡುಪು, ಐದು ನಿಮಿಷಕ್ಕೆ ಇಳಿಸಿದ ಕುಣಿತ, ಇವೆಲ್ಲ ರೂಢಿಯಾದದ್ದು ಹೀಗೆ. ಹಡಗಿನಲ್ಲಿ ನೀವು ನೋಡುವುದು ಹಳ್ಳಿಯ ಅಂಗಳದ ಕುಣಿತವಲ್ಲ, ಆ ಶಾಲೆಯಿಂದ ಹೊರಬಂದ ಕುಣಿತ. ಅದಕ್ಕೂ ಈಗ ಎರಡು ಮೂರು ತಲೆಮಾರುಗಳ ಚರಿತ್ರೆಯಿದೆ. ಅದನ್ನು ಸುಳ್ಳು ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಕೆಲವು ಹಡಗುಗಳಲ್ಲಿ ಮದರಂಗಿ ರಾತ್ರಿಯ ದೃಶ್ಯವನ್ನೂ ಆಡಿ ತೋರಿಸುತ್ತಾರೆ. ಕೆಂಪು ಮುಸುಕಿನ ಮದುಮಗಳು ನಡುವೆ, ಸುತ್ತ ಮೊಂಬತ್ತಿ ಹಿಡಿದ ಹೆಂಗಸರು, ತವರು ಬಿಡುವ ದುಃಖದ ಹಾಡು. ಮದುಮಗಳು ಮುಷ್ಟಿ ಬಿಗಿಹಿಡಿದಿರುತ್ತಾಳೆ. ಅತ್ತೆ ಚಿನ್ನದ ನಾಣ್ಯ ಇಟ್ಟ ಮೇಲೆಯೇ ಅಂಗೈ ಬಿಚ್ಚಿ ಮದರಂಗಿ ಹಚ್ಚಿಸಿಕೊಳ್ಳುತ್ತಾಳೆ. ಇದು ಈಗಲೂ ಮನೆಮನೆಗಳಲ್ಲಿ ನಡೆಯುವ ಶಾಸ್ತ್ರ. ನಿಮ್ಮ ಮನೆಯ ಹಿರಿಯ ಹೆಂಗಸರಿಗೆ ಯಾವ ವಿವರಣೆಯೂ ಬೇಕಾಗಲಾರದು.

ಬೆಲ್ಲಿ ಡ್ಯಾನ್ಸ್ ಕಥೆ ಬೇರೆ. ಕರಪತ್ರಗಳಲ್ಲಿ ದೊಡ್ಡ ಚಿತ್ರ ಅದರದ್ದೇ, ಆದರೆ ‘ಟರ್ಕಿಯ ಸಂಪ್ರದಾಯ’ ಎಂಬ ಹಣೆಪಟ್ಟಿ ಅದಕ್ಕೆ ಸುಲಭವಾಗಿ ಸಿಕ್ಕಿದ್ದಲ್ಲ. ಒಟ್ಟೋಮನ್ ಕಾಲದ ಇಸ್ತಾಂಬುಲ್‌ನಲ್ಲಿ ಚೆಂಗಿ ಎಂಬ ನರ್ತಕಿಯರ ಮತ್ತು ಕೊಚೆಕ್ ಎಂಬ ಹುಡುಗರ ಮೇಳಗಳಿದ್ದವು. ಅವರಲ್ಲಿ ಅನೇಕರು ರೋಮಾ (ಜಿಪ್ಸಿ) ಮತ್ತಿತರ ಅಲ್ಪಸಂಖ್ಯಾತ ಸಮುದಾಯಗಳವರು. ಈಗ ನಾವು ನೋಡುವ, ಮಿನುಗುವ ಎರಡು ತುಂಡಿನ ಉಡುಪು ರೂಪುಗೊಂಡದ್ದು 20ನೇ ಶತಮಾನದ ಕೈರೋದ ರಂಗಶಾಲೆಗಳಲ್ಲಿ. ಟರ್ಕಿಯವರು ಈ ನೃತ್ಯವನ್ನು ‘ಓರಿಯಂತಾಲ್’ ಎಂದೇ ಕರೆಯುತ್ತಾರೆ. ಹಳ್ಳಿಯ ಕುಣಿತಗಳನ್ನು ಅಷ್ಟು ಅಕ್ಕರೆಯಿಂದ ಬೆಳೆಸಿದ ಸರ್ಕಾರ ಇದನ್ನು ಮಾತ್ರ ಹೊಸ್ತಿಲಾಚೆಯೇ ನಿಲ್ಲಿಸಿತ್ತು. ಸರ್ಕಾರಿ ದೂರದರ್ಶನ ಟಿಆರ್‌ಟಿಯಲ್ಲಿ ಮೊದಲ ಬಾರಿಗೆ ಓರಿಯಂತಾಲ್ ನರ್ತಕಿಯೊಬ್ಬರು, ನೆಸ್ರಿನ್ ತೊಪ್‌ಕಾಪಿ, ಕಾಣಿಸಿಕೊಂಡದ್ದು 1980ರ ಕೊನೆಯ ರಾತ್ರಿ, ಹೊಸ ವರ್ಷದ ಕಾರ್ಯಕ್ರಮದಲ್ಲಿ.

ಇಲ್ಲಿ ಸುಲುಕುಲೆಯ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಇಸ್ತಾಂಬುಲ್‌ನ ಹಳೆಯ ಕೋಟೆಗೋಡೆಗೆ ಅಂಟಿಕೊಂಡಿದ್ದ ರೋಮಾ ಕೇರಿ ಅದು. ಅಲ್ಲಿನ ಕುಟುಂಬಗಳು ತಮ್ಮ ಮನೆಗಳಲ್ಲೇ ಸಂಗೀತ, ಕುಣಿತ, ಊಟ ಏರ್ಪಡಿಸುತ್ತಿದ್ದವು. ಊರಿನವರೂ ಪರದೇಶದವರೂ ಅಲ್ಲಿಗೆ ಹೋಗುತ್ತಿದ್ದರು. 1990ರ ದಶಕದಲ್ಲಿ ಆ ಮನೆಗಳನ್ನು ಮುಚ್ಚಿಸಿದರು. ಮುಂದಿನ ದಶಕದ ಕೊನೆಗೆ ನಗರ ನವೀಕರಣದ ಹೆಸರಿನಲ್ಲಿ ಕೇರಿಯ ಬಹುಪಾಲನ್ನು ಕೆಡವಿ, ಜನರನ್ನು ಊರಾಚೆಗೆ ಕಳಿಸಿದರು. ಕುಣಿತ ಹಡಗು ಹತ್ತಿತು, ಅದನ್ನು ಸಾಕಿದವರ ಮನೆ ಉಳಿಯಲಿಲ್ಲ. ಈ ಅನ್ಯಾಯ ನನ್ನನ್ನು ಕಾಡುತ್ತದೆ. ಆದ್ದರಿಂದ ವೇದಿಕೆಯ ಮೇಲೆ ಬರುವ ನರ್ತಕಿಯನ್ನು ಗೌರವದಿಂದ ನೋಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಹೊಟ್ಟೆ, ಸೊಂಟ, ಭುಜಗಳನ್ನು ಒಂದನ್ನು ಬಿಟ್ಟು ಒಂದನ್ನು ಪ್ರತ್ಯೇಕವಾಗಿ ಆಡಿಸಲು ವರ್ಷಗಳ ಅಭ್ಯಾಸ ಬೇಕು. ಆಕೆ ಮೇಜಿನ ಬಳಿಗೆ ಬಂದರೆ ಇನಾಮಿನ ನಿರೀಕ್ಷೆ ಇರಬಹುದು. ಕೊಡಲೇಬೇಕೆಂದಿಲ್ಲ, ಕೊಟ್ಟರೆ ಕೈಯಲ್ಲಿ ಕೊಡಿ.

ಮೂರನೆಯದು ಸೂಫಿ ನೃತ್ಯ ಎಂದು ಪಟ್ಟಿಯಲ್ಲಿ ಬರೆಯುವ ಸೆಮಾ. ಅದು ನೃತ್ಯವಲ್ಲ, ಆರಾಧನೆ. 1273ರ ಡಿಸೆಂಬರ್ 17ರಂದು ಕೊನ್ಯಾದಲ್ಲಿ ತೀರಿಕೊಂಡ ಮೌಲಾನಾ ಜಲಾಲುದ್ದೀನ್ ರೂಮಿಯ ಅನುಯಾಯಿಗಳಾದ ಮೆವ್ಲೆವಿಗಳ ವಿಧಿ. ತಲೆಯ ಮೇಲಿನ ಉದ್ದನೆಯ ಟೋಪಿ ಗೋರಿಯ ಕಲ್ಲು, ಬಿಳಿಯ ನಿಲುವಂಗಿ ಕಫನ (ಹೆಣಕ್ಕೆ ಹೊದಿಸುವ ಬಟ್ಟೆ), ಮೇಲೆ ಹೊದ್ದ ಕಪ್ಪು ನಿಲುವಂಗಿ ಗೋರಿ. ಆ ಕಪ್ಪನ್ನು ಕಳಚಿಟ್ಟು ತಿರುಗಲು ಶುರು ಮಾಡುವುದೆಂದರೆ ಅಹಂಕಾರವನ್ನು ಹೂತು ಹೊಸದಾಗಿ ಹುಟ್ಟುವುದು. ಬಲ ಅಂಗೈ ಆಕಾಶಕ್ಕೆ, ಎಡ ಅಂಗೈ ನೆಲಕ್ಕೆ: ಮೇಲಿನಿಂದ ಪಡೆದದ್ದನ್ನು ತನ್ನಲ್ಲಿ ಉಳಿಸಿಕೊಳ್ಳದೆ ಕೆಳಗಿನವರಿಗೆ ದಾಟಿಸುವ ಭಂಗಿ. ಪ್ರವಾದಿಯ ಸ್ತುತಿಯಿಂದ ಆರಂಭವಾಗಿ, ನೇಯ್ ಎಂಬ ಕೊಳಲಿನ ಆಲಾಪ, ನಾಲ್ಕು ಸುತ್ತಿನ ತಿರುಗು, ಕೊನೆಗೆ ಕುರಾನ್ ಪಠಣ. ಸಂಪೂರ್ಣ ವಿಧಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು.

ಹಡಗಿನಲ್ಲಿ ಇದರ ಒಂದೇ ಒಂದು ಚೂರು, ಒಬ್ಬನೇ ದರ್ವೇಶಿ, ಕೆಲವೇ ನಿಮಿಷ. ಸುತ್ತ ಗ್ಲಾಸುಗಳ ಸದ್ದು. ಹಿಂದೆ ಮುಂದೆ ಓರಿಯಂತಾಲ್. ದೈವದ ಕೋಲವನ್ನು ಹೋಟೆಲಿನ ಔತಣಕೂಟದಲ್ಲಿ ಆಡಿಸಿದರೆ ಕರಾವಳಿಯವರಿಗೆ ಹೇಗೆ ಅನ್ನಿಸುತ್ತದೆಯೋ ಭಕ್ತರಿಗೆ ಇದು ಹಾಗೆಯೇ ಅನ್ನಿಸುತ್ತದೆ. ಒಂದು ಮಾತನ್ನು ಮಾತ್ರ ಹೇಳದಿದ್ದರೆ ತಪ್ಪಾಗುತ್ತದೆ. ಸೆಮಾವನ್ನು ಪ್ರದರ್ಶನ ಮಾಡಿದ್ದು ಹಡಗಿನವರಲ್ಲ. 1925ರಲ್ಲಿ ಗಣರಾಜ್ಯ ಎಲ್ಲ ದರ್ವೇಶಿ ಮಠಗಳನ್ನೂ ಕಾನೂನಿನಿಂದ ಮುಚ್ಚಿತು. 1950ರ ದಶಕದಲ್ಲಿ ಕೊನ್ಯಾದಲ್ಲಿ ರೂಮಿಯ ಸ್ಮರಣೆಯ ದಿನಗಳಲ್ಲಿ ಅದಕ್ಕೆ ಮತ್ತೆ ಅವಕಾಶ ಸಿಕ್ಕಿದ್ದು ಧಾರ್ಮಿಕ ವಿಧಿಯಾಗಿ ಅಲ್ಲ, ಸಾಂಸ್ಕೃತಿಕ ಕಾರ್ಯಕ್ರಮವಾಗಿ. ಪ್ರೇಕ್ಷಕರ ಮುಂದೆ ತಿರುಗುವುದೇ ಆ ವಿಧಿ ಉಳಿಯುವ ದಾರಿಯಾಯಿತು. 2008ರಲ್ಲಿ ಯುನೆಸ್ಕೋ ಪಟ್ಟಿಯಲ್ಲೂ ಅದು ಸೇರಿತು. ಇಷ್ಟೆಲ್ಲ ತಿಳಿದ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ: ಪ್ರೇಕ್ಷಕರ ಎದುರು ಮಾಡುವುದು ಬೇರೆ, ಕಬಾಬ್ ಬಡಿಸುವಾಗ ಮಾಡಿಸುವುದು ಬೇರೆ. ಸೆಮಾವನ್ನು ಹಡಗಿನಲ್ಲಿ ನೋಡಿದೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ. 1491ರಲ್ಲಿ ಸ್ಥಾಪನೆಯಾಗಿ ಈಗ ವಸ್ತುಸಂಗ್ರಹಾಲಯವಾಗಿರುವ ಗಲಾತಾ ಮೆವ್ಲೆವಿ ಮಠದಲ್ಲಿ ನಿಗದಿತ ದಿನಗಳಂದು ಸೆಮಾ ನಡೆಯುತ್ತದೆ. ಅದಕ್ಕೊಂದು ಸಂಜೆ ಬೇರೆಯಾಗಿ ಎತ್ತಿಡಿ, ಚಪ್ಪಾಳೆ ತಟ್ಟದೆ ಕುಳಿತು ನೋಡಿ. ಬಣ್ಣಬಣ್ಣದ ಲಂಗ, ಅದರಲ್ಲಿ ದೀಪಗಳು ಉರಿಯುವ ತಿರುಗಾಟ ಕಂಡರೆ ಅದು ಮೆವ್ಲೆವಿಯಲ್ಲ, ಈಜಿಪ್ಟಿನ ತನ್ನೂರಾ.

ಇನ್ನು ನೀರಿನ ವಿಷಯ. ಆ ಸಂಜೆಯಲ್ಲಿ ಯಾರೂ ಕಟ್ಟದೆ ಇರುವುದು, ಸಂಪೂರ್ಣ ನಿಜವಾದದ್ದು ಬಾಸ್ಫರಸ್ ಮಾತ್ರ. ಆದ್ದರಿಂದ ಪ್ರದರ್ಶನಕ್ಕೆ ಅಂಟಿಕೊಂಡು ಕೂರದೆ ಆಗಾಗ ಎದ್ದು ಮೇಲಿನ ಡೆಕ್‌ಗೆ ಹೋಗಿ. ಹಡಗುಗಳು ಬಹುತೇಕ ಕಬಾತಾಶ್ ಸುತ್ತಮುತ್ತಲಿನ ಕಟ್ಟೆಗಳಿಂದ ಹೊರಟು ಯುರೋಪಿನ ದಂಡೆ ಹಿಡಿದು ಮೇಲಕ್ಕೆ ಹೋಗಿ, ಏಷ್ಯಾದ ದಂಡೆ ಹಿಡಿದು ಮರಳುತ್ತವೆ. ಮೊದಲು 1856ರಲ್ಲಿ ಮುಗಿದ ದೊಲ್ಮಾಬಹ್ಚೆ ಅರಮನೆ. ಗಣರಾಜ್ಯದ ಸ್ಥಾಪಕ ಅತಾತುರ್ಕ್ 1938ರ ನವೆಂಬರ್ 10ರಂದು ಕೊನೆಯುಸಿರೆಳೆದದ್ದು ಅದರ ಕೋಣೆಯೊಂದರಲ್ಲಿ. ಆಮೇಲೆ ನೀರಿನ ಅಂಚಿನಲ್ಲೇ ನಿಂತ ಒರ್ತಾಕೊಯ್ ಮಸೀದಿ, ತಲೆಯ ಮೇಲೆ 1973ರ ತೂಗುಸೇತುವೆ. ಇನ್ನೂ ಮುಂದೆ ಹೋದರೆ ಜಲಸಂಧಿ ಸುಮಾರು 700 ಮೀಟರಿಗೆ ಕಿರಿದಾಗುವ ಜಾಗ. ಒಟ್ಟೋಮನ್ ಸುಲ್ತಾನ ಎರಡನೇ ಮೆಹ್ಮೆದ್ 1452ರಲ್ಲಿ ಎಬ್ಬಿಸಿದ ರುಮೇಲಿ ಕೋಟೆ ಅಲ್ಲಿಯೇ ಇದೆ. ಮರುವರ್ಷವೇ ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್, ಅವನ ವಶವಾಯಿತು. ಎದುರು ದಂಡೆಯ ಅನಾದೊಲು ಕೋಟೆ ಅದಕ್ಕಿಂತ ಹಳೆಯದು. ಆ ಜಾಗ ಬಂದಾಗ ಒಳಗೆ ಎಂಥ ಕುಣಿತ ನಡೆದಿದ್ದರೂ ಬಿಟ್ಟು ಹೊರಗೆ ಬನ್ನಿ.

ನಿಮ್ಮ ಕಾಲ ಕೆಳಗೆ ಮೇಲ್ನೀರು ಕಪ್ಪು ಸಮುದ್ರದಿಂದ ಮರ್ಮರಾ ಸಮುದ್ರದ ಕಡೆಗೆ ಹರಿಯುತ್ತಿದ್ದರೆ, ತಳದ ಉಪ್ಪು ಹೆಚ್ಚಿರುವ ಭಾರವಾದ ನೀರು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತಿರುತ್ತದೆ. ಮಾರ್ಸಿಲಿ ಎಂಬ ಇಟಲಿಯ ಯುವಕ 17ನೇ ಶತಮಾನದಲ್ಲಿ ಹಗ್ಗಕ್ಕೆ ಬಿಳಿ ಬಳಿದ ಬೆಂಡಿನ ತುಂಡುಗಳನ್ನು ಕಟ್ಟಿ ನೀರಿಗಿಳಿಸಿ ಇದನ್ನು ತೋರಿಸಿಕೊಟ್ಟ.

ಊಟದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ನಿಮ್ಮ ಹೊಟ್ಟೆ ತುಂಬುವುದು ಮೊದಲಿಗೆ ಬರುವ ಮೆಜೆ ಎಂಬ ತಣ್ಣನೆಯ ಸಣ್ಣ ತಟ್ಟೆಗಳಿಂದಲೇ: ಸುಟ್ಟ ಬದನೆಕಾಯಿಯ ಗೊಜ್ಜು, ಗಟ್ಟಿ ಮೊಸರಿನ ಹೈದರಿ, ಆಲಿವ್ ಎಣ್ಣೆಯಲ್ಲಿ ಬೆಂದ ತರಕಾರಿ, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ಸರ್ಮಾ. ಮುಖ್ಯ ಊಟಕ್ಕೆ ಮಾಂಸವಿಲ್ಲದ ಆಯ್ಕೆ ಕೊಡುತ್ತಾರೆ, ಆದರೆ ಕಾಯ್ದಿರಿಸುವಾಗಲೇ ತಿಳಿಸಿರಬೇಕು. ಸಸ್ಯಾಹಾರಿ ಎಂದಷ್ಟೇ ಹೇಳದೆ ಕೋಳಿ, ಮೀನು ಕೂಡ ಬೇಡ ಎಂದು ಬರೆದು ಕಳಿಸಿ. ಪಿಲಾವ್ ಮತ್ತು ಬೇಳೆಯ ಸೂಪನ್ನು ಮಾಂಸದ ಸಾರಿನಲ್ಲಿ ಬೇಯಿಸುವ ರೂಢಿ ಇದೆ, ಕೇಳಿ ತಿನ್ನಿ. ಎಲೆಯ ಸರ್ಮಾದಲ್ಲೂ ಖೀಮಾ ತುಂಬಿದ ಬಗೆ ಇದೆ, ಅದು ಬಿಸಿಯಾಗಿ ಬರುತ್ತದೆ. ಮದ್ಯ ಬೇಡದವರಿಗೆ ಐರಾನ್ ಎಂಬ ಉಪ್ಪು ಹಾಕಿದ ಮಜ್ಜಿಗೆ ಇದ್ದರೆ ಅದೇ ಉತ್ತಮ.

ಟಿಕೆಟಿನ ದರ ಮೇಜು ಎಲ್ಲಿದೆ ಎಂಬುದರ ಮೇಲೆ ಬದಲಾಗುತ್ತದೆ. ವೇದಿಕೆಗೆ ಹತ್ತಿರದ ಮೇಜಿಗೆ ಹೆಚ್ಚು ಕೊಡುವ ಬದಲು ಕಿಟಕಿಯ ಪಕ್ಕದ್ದನ್ನು ಕೇಳಿ ಎಂಬುದು ನನ್ನ ಸಲಹೆ. ಧ್ವನಿವರ್ಧಕಗಳ ಅಬ್ಬರ ಜೋರು. ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಇದು ಇನ್ನೂ ಮುಖ್ಯ. ನೀವು ಹತ್ತುವಾಗ ಚಿತ್ರ ತೆಗೆದು ಕೊನೆಗೆ ಮಾರಲು ತರುತ್ತಾರೆ, ಬೇಡವಾದರೆ ಬೇಡ ಎನ್ನಿ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಎಂಟೂವರೆಯ ನಂತರ, ಹಾಗಾಗಿ ಹೊರಡುವಾಗ ದಂಡೆಗಳು ಇನ್ನೂ ಕಾಣುತ್ತಿರುತ್ತವೆ. ಡಿಸೆಂಬರ್‌ನಲ್ಲಿ ಆರಕ್ಕೆ ಮುಂಚೆಯೇ ಕತ್ತಲು. ಈಶಾನ್ಯದಿಂದ ಬೀಸುವ ಪೊಯ್ರಾಜ್ ಗಾಳಿ ಬೇಸಿಗೆಯ ರಾತ್ರಿಯಲ್ಲೂ ಡೆಕ್‌ನಲ್ಲಿ ನಡುಕ ಹುಟ್ಟಿಸಬಹುದು, ಸ್ವೆಟರ್ ಕೈಯಲ್ಲಿರಲಿ.

ಇದೆಲ್ಲ ಓದಿ ಪ್ರದರ್ಶನವೇ ಬೇಡ ಅನ್ನಿಸಿದರೆ ಪ್ಯಾಕೇಜ್‌ನಿಂದ ಆ ಸಂಜೆಯನ್ನು ತೆಗೆಸಿ. ಎಮಿನೊನು ಕಟ್ಟೆಯಿಂದ ಉಸ್ಕುದಾರ್‌ಗೆ ಹೋಗುವ ನಗರದ ಫೆರಿಯನ್ನು ಮುಸ್ಸಂಜೆಯಲ್ಲಿ ಹತ್ತಿ. 1851ರಲ್ಲಿ ಹುಟ್ಟಿದ ಹಡಗು ಕಂಪನಿಯ ಪರಂಪರೆಯ ದೋಣಿಗಳವು, ಈಗಲೂ ಇಸ್ತಾಂಬುಲ್‌ನವರು ಕೆಲಸ ಮುಗಿಸಿ ಮನೆಗೆ ಹೋಗುವುದು ಅವುಗಳಲ್ಲೇ. ಇಸ್ತಾಂಬುಲ್‌ಕಾರ್ತ್ ಎಂಬ ನಗರ ಸಾರಿಗೆಯ ಕಾರ್ಡ್ ಇದ್ದರೆ ಸಾಕು. ಆಚೆ ದಂಡೆಯಲ್ಲಿ ಊಟ ಮಾಡಿ, ಕೊನೆಯ ಫೆರಿ ತಪ್ಪಿದರೂ ಚಿಂತೆಯಿಲ್ಲ: 2013ರಿಂದ ಜಲಸಂಧಿಯ ಕೆಳಗಿನ ಸುರಂಗದಲ್ಲಿ ಓಡುತ್ತಿರುವ ಮರ್ಮರಾಯ್ ರೈಲು ಉಸ್ಕುದಾರ್‌ನಿಂದ ಒಂದೇ ನಿಲ್ದಾಣಕ್ಕೆ ನಿಮ್ಮನ್ನು ಎಮಿನೊನು ಪಕ್ಕದ ಸಿರ್ಕೆಜಿಗೆ ಮುಟ್ಟಿಸುತ್ತದೆ. ಅದರ ಕೊನೆಯ ಗಾಡಿಯ ಸಮಯವನ್ನು ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ.