ಕಂಸದೊಳಗೆ ಇರುವುದಕ್ಕೆ ಹೆಸರೇನು?

ಕಲಬುರಗಿಯಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ನನಗೆ ವರ್ಷವರ್ಷವೂ ತಪ್ಪದ ಪ್ರಶ್ನೆ: ಪ್ಯಾರಾಮೀಟರ್, ಆರ್ಗ್ಯುಮೆಂಟ್ ಎರಡೂ ಒಂದೆಯೋ, ಬೇರೆಯೋ? ಬೇರೆ. ದಾಲ್ ಮಿಲ್ಲಿನ ಯಂತ್ರಕ್ಕೆ ತೊಗರಿ ಸುರಿಯುವ ಬಾಯಿ ಇರುತ್ತದಲ್ಲ, ಅದು ಪ್ಯಾರಾಮೀಟರ್. ಇವತ್ತು ಸುರಿದ ತೊಗರಿ ಆರ್ಗ್ಯುಮೆಂಟ್. ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡಿನ ತುಣುಕು) ಬರೆಯುವಾಗ ಕಂಸದೊಳಗೆ ಇಟ್ಟ ಹೆಸರು ಮೊದಲನೆಯದು, ಅದನ್ನು ಕರೆಯುವಾಗ ಕೊಟ್ಟ ಬೆಲೆ (ಮೌಲ್ಯ) ಎರಡನೆಯದು.

ಇಷ್ಟು ಸರಳವಾದ ವ್ಯತ್ಯಾಸ ಕೆಟ್ಟುಹೋದದ್ದು ಹೇಗೆ? ಪೈಥಾನ್ ಹುಟ್ಟುವ ಎಷ್ಟೋ ಮೊದಲೇ ಕೆಟ್ಟಿತ್ತು. ಆಲ್ಗಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯ 1960ರ ವರದಿ ಎರಡನ್ನೂ ಪ್ಯಾರಾಮೀಟರ್ ಎಂದೇ ಕರೆದು, ಒಂದಕ್ಕೆ ‘ಫಾರ್ಮಲ್’, ಇನ್ನೊಂದಕ್ಕೆ ‘ಆ್ಯಕ್ಚುಯಲ್’ ಎಂಬ ವಿಶೇಷಣ ಹಚ್ಚಿತು. ಇನ್ನೊಂದು ಹಳೆಯ ಭಾಷೆಯಾದ ಫೋರ್ಟ್ರಾನ್‌ನವರಿಗೆ ಎರಡೂ ಆರ್ಗ್ಯುಮೆಂಟ್. ಒಂದು ‘ಡಮ್ಮಿ’, ಇನ್ನೊಂದು ‘ಆ್ಯಕ್ಚುಯಲ್’. ಸಾಲದ್ದಕ್ಕೆ ಫೋರ್ಟ್ರಾನ್ 77ರಲ್ಲಿ ಪ್ಯಾರಾಮೀಟರ್ ಎಂದರೆ ಹೆಸರಿಟ್ಟ ಸ್ಥಿರಾಂಕ! ಸಿ ಭಾಷೆಯ 1989ರ ಮಾನಕ ಎರಡು ಪದಗಳನ್ನು ಎರಡು ಕೆಲಸಕ್ಕೆ ಹಂಚಿಕೊಟ್ಟಿತು. ಆದರೆ ವಿಶೇಷಣಗಳನ್ನು ಪ್ರತಿ ಸಲ ಬರೆಯುವ ತಾಳ್ಮೆ ಯಾರಿಗಿದೆ? ಅವು ಉದುರಿಹೋದ ಮೇಲೆ, ಕೈಪಿಡಿ ಬರೆಯುವವರು ತಾವು ಮೊದಲು ಕಲಿತ ಭಾಷೆಯ ರೂಢಿಯಂತೆ ಬರೆದರು.

ಪೈಥಾನ್ ಕೈಪಿಡಿಯ ಪದಕೋಶ ಈಗ ಎರಡನ್ನೂ ಬಿಡಿಸಿ ಹೇಳುತ್ತದೆ. ವಿವರಣೆಯ ವಾಕ್ಯ ತಿದ್ದುವುದು ಸುಲಭ. ಕೋಡಿನೊಳಗಿನ ಹೆಸರು ಹಾಗಲ್ಲ. ‘ಗೆಟ್‌ಫುಲ್‌ಆರ್ಗ್‌ಸ್ಪೆಕ್’ ಎಂಬ ಪೈಥಾನ್ ಫಂಕ್ಷನ್ ಕೊಡುವುದು ಇನ್ನೊಂದು ಫಂಕ್ಷನ್ನಿನ ಪ್ಯಾರಾಮೀಟರುಗಳ ಹೆಸರನ್ನು, ಆ ಪಟ್ಟಿಯ ತಲೆಬರಹ ಮಾತ್ರ ‘ಆರ್ಗ್ಸ್’, ಅಂದರೆ ಆರ್ಗ್ಯುಮೆಂಟುಗಳು. 2012ರ 3.3ನೇ ಆವೃತ್ತಿಯಲ್ಲಿ ಬಂದ ‘ಸಿಗ್ನೇಚರ್’ ಅದನ್ನೇ ‘ಪ್ಯಾರಾಮೀಟರ್ಸ್’ ಎಂದು ಸರಿಯಾಗಿ ಕರೆಯಿತು. ಹಳೆಯದನ್ನು ಕಿತ್ತುಹಾಕಿದರೆ ಅದನ್ನು ನಂಬಿದ ಪ್ರೋಗ್ರಾಮುಗಳು ನಿಂತುಹೋಗುತ್ತವೆ, ಹಾಗಾಗಿ ಎರಡೂ ಉಳಿದಿವೆ. ನಮ್ಮೂರಿನವರಿಗೆ ಇದು ಹೊಸದೇನಲ್ಲ. 2014ರ ನವೆಂಬರ್ 1ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು. 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಹೆಸರಿನಲ್ಲಿ ಗುಲ್ಬರ್ಗ ಹಾಗೆಯೇ ಉಳಿಯಿತು.

ತರಗತಿಯಲ್ಲಿ ನಿಜವಾಗಿ ತೊಡಕಾಗುವುದು ದೋಷ ಸಂದೇಶ. ‘ದರ’ ಎಂಬ ಪ್ಯಾರಾಮೀಟರಿಗೆ ಬೆಲೆ ಕೊಡದಿದ್ದರೆ, ಒಂದು ಆರ್ಗ್ಯುಮೆಂಟ್ ಇಲ್ಲ ಎಂದು ಹೇಳಿ ಪೈಥಾನ್ ಪಕ್ಕದಲ್ಲೇ ‘ದರ’ ಎಂದು ಬರೆಯುತ್ತದೆ. ಮಾತೇನೋ ಸರಿ: ಬಾಯಿ ಇದೆ, ತೊಗರಿ ಇಲ್ಲ. ಆದರೆ ಅಲ್ಲಿ ಕಾಣುವ ಹೆಸರು ಬಾಯಿಯದು. ಅದನ್ನು ಓದಿದ ವಿದ್ಯಾರ್ಥಿ, “ಹಾಗಾದರೆ ‘ದರ’ವೇ ಆರ್ಗ್ಯುಮೆಂಟ್ ಅಲ್ಲವೇ ಸರ್?” ಎಂದು ಕೇಳುತ್ತಾನೆ, ನಾನು ಮತ್ತೆ ದಾಲ್ ಮಿಲ್ಲಿಗೆ ಹೊರಡುತ್ತೇನೆ.