ಕೋಚ್ ಹುಡುಕುವ ಮುಂಚೆ ಕಾರಣ ಬರೆದಿಡಿ

ಮಾರ್ಚ್ ಬಂತೆಂದರೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಎರಡು ಓಟ ಶುರುವಾಗುತ್ತವೆ. ಒಂದು 68 ತಂಡಗಳ ರಾಷ್ಟ್ರೀಯ ಟೂರ್ನಿ. ಅದನ್ನು ಎಲ್ಲರೂ ಟಿವಿಯಲ್ಲಿ ನೋಡುತ್ತಾರೆ. ಇನ್ನೊಂದು ಬಾಗಿಲು ಹಾಕಿಕೊಂಡು ನಡೆಯುತ್ತದೆ. ಅಲ್ಲಿ ಹಳೆಯ ಹೆಡ್ ಕೋಚ್‌ಗಳನ್ನು ಕಳಿಸಿ ಹೊಸಬರನ್ನು ಹುಡುಕುತ್ತಿರುತ್ತಾರೆ. ನಾನು ಇಲ್ಲಿನ ಒಂದು ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕೋಚ್ ಆಯ್ಕೆ ಸಮಿತಿಗಳಲ್ಲಿ ಕೂತಿದ್ದೇನೆ. ಊರಿನ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಅಷ್ಟೊಂದು ದುಡ್ಡು ಕೊಟ್ಟು ಕರೆತಂದವರನ್ನು ಎರಡು ಮೂರು ವರ್ಷಕ್ಕೇ ಯಾಕೆ ಮನೆಗೆ ಕಳಿಸುತ್ತಾರೆ?

ನಾನು ಕಂಡಂತೆ, ಬಹಳ ಸಲ ತೊಂದರೆ ಶುರುವಾಗುವುದು ಕೋಚ್ ಬರುವ ಮುಂಚೆಯೇ. ಯಾಕೆ ಇವರನ್ನೇ ತರುತ್ತಿದ್ದೇವೆ ಅನ್ನುವುದು ತರುವವರಿಗೇ ಸ್ಪಷ್ಟ ಇರುವುದಿಲ್ಲ.

ಕರ್ನಾಟಕದಲ್ಲಿ ಓದಿದವರಿಗೆ ಒಂದು ಮಾತು ಹೇಳಬೇಕು. ನಮ್ಮ ಬಹುತೇಕ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರೇ ಕಬಡ್ಡಿ, ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಎಲ್ಲ ನೋಡಿಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಎಲ್ಲರಿಗಿಂತ ಜಾಸ್ತಿ ಸಂಬಳ ಇರುವುದು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್‌ಗೆ. ಗವರ್ನರ್‌ಗಿಂತ ಜಾಸ್ತಿ. ಹಾಗಾಗಿ ಆಯ್ಕೆ ಮಾಡುವವರ ಮೇಲೆ ಒತ್ತಡವೂ ಅಷ್ಟೇ ಇರುತ್ತದೆ. ಹಳೆಯ ವಿದ್ಯಾರ್ಥಿಗಳು, ದೇಣಿಗೆ ಕೊಡುವವರು, ಕಾಲೇಜಿನ ಅಧ್ಯಕ್ಷರು, ಪತ್ರಿಕೆಯವರು, ಎಲ್ಲರ ಜೇಬಿನಲ್ಲೂ ಒಂದೊಂದು ಹೆಸರು.

ಕಾರಣ ಗೊತ್ತಿದ್ದು ಆರಿಸುವುದು ಅಂದರೇನು ಅಂತ ಕೇಳಿದವರಿಗೆ ನಾನು ಹೇಳುವುದು ಡ್ಯೂಕ್ ವಿಶ್ವವಿದ್ಯಾಲಯದ ಕಥೆ. 1980ರಲ್ಲಿ ಅಲ್ಲಿನ ಕ್ರೀಡಾ ನಿರ್ದೇಶಕ ಟಾಮ್ ಬಟರ್ಸ್ ಹೊಸ ಕೋಚ್ ಹುಡುಕುತ್ತಿದ್ದರು. ಅವರ ಕಣ್ಣಿಗೆ ಬಿದ್ದದ್ದು ಆರ್ಮಿ, ಅಂದರೆ ಅಮೆರಿಕದ ಸೇನಾ ಅಕಾಡೆಮಿ ತಂಡದ ಕೋಚ್, 33 ವರ್ಷದ ಮೈಕ್ ಶಶೆಫ್‌ಸ್ಕಿ. ಆ ಸೀಸನ್‌ನಲ್ಲಿ ಆರ್ಮಿ ಗೆದ್ದದ್ದು 9 ಪಂದ್ಯ, ಸೋತದ್ದು 17. ಅಂಥ ದಾಖಲೆ ಇರುವವರನ್ನು ಇವತ್ತು ಯಾವ ಸಮಿತಿಯೂ ಫೋನ್ ಮಾಡಿ ಕರೆಯುವುದಿಲ್ಲ. ಆದರೆ ಡಿಫೆನ್ಸ್ ಕಲಿಸುವುದರಲ್ಲಿ ಅವರು ಗಟ್ಟಿ ಅನ್ನುವ ಮಾತು ಬಟರ್ಸ್ ಕಿವಿಗೆ ಬಿದ್ದಿತ್ತು. ಸಂದರ್ಶನ ಮುಗಿಸಿ ಅವರನ್ನು ವಾಪಸ್ ಕಳಿಸಿದರು. ಆಮೇಲೆ ಮನಸ್ಸು ತಡೆಯದೆ ಏರ್‌ಪೋರ್ಟ್‌ಗೇ ಜನ ಕಳಿಸಿ ಮತ್ತೆ ಕರೆಸಿ ಕೆಲಸ ಕೊಟ್ಟರು.

ಮೊದಲ ವರ್ಷ 17 ಗೆಲುವು, 13 ಸೋಲು. ಎರಡನೇ ವರ್ಷ 10 ಗೆಲುವು, 17 ಸೋಲು. ಮೂರನೇ ವರ್ಷ 11 ಮತ್ತು 17. ಆ ಮೂರನೇ ಸೀಸನ್ ಮುಗಿದದ್ದು ವರ್ಜೀನಿಯಾ ವಿರುದ್ಧ 109–66ರ ಸೋಲಿನಿಂದ. ಇವರನ್ನು ತೆಗೆಯಿರಿ ಅಂತ ದೇಣಿಗೆದಾರರು ಪಟ್ಟು ಹಿಡಿದರು. ಬಟರ್ಸ್ 1984ರ ಜನವರಿಯಲ್ಲಿ ಮಾಡಿದ್ದೇನು ಗೊತ್ತಾ? ಕರಾರನ್ನು ಇನ್ನೂ ಐದು ವರ್ಷಕ್ಕೆ ಮುಂದುವರಿಸಿದರು. 1986ರಲ್ಲಿ ಡ್ಯೂಕ್ ರಾಷ್ಟ್ರೀಯ ಫೈನಲ್ ಆಡಿತು. ಶಶೆಫ್‌ಸ್ಕಿ ಒಟ್ಟು 42 ಸೀಸನ್ ಅಲ್ಲಿದ್ದರು. ಐದು ಸಲ ಚಾಂಪಿಯನ್ ಆದರು.

ಈ ಕಥೆಯನ್ನು ಇಲ್ಲಿನವರು ತಾಳ್ಮೆಯ ಕಥೆ ಅಂತ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಸುಮ್ನೆ ಕಾಯುವುದು ಯಾರಿಗೂ ಸಾಧ್ಯವಿಲ್ಲ. ಬಟರ್ಸ್‌ಗೆ ಕಾಯುವ ಧೈರ್ಯ ಬಂದದ್ದು ಆರಿಸಿದ ಕಾರಣ ಅವರಿಗೆ ಗೊತ್ತಿದ್ದರಿಂದ. ಆ ಕಾರಣ ಗೆಲುವಿನ ಲೆಕ್ಕದ ಮೇಲೆ ನಿಂತಿರಲಿಲ್ಲ. ಹಾಗಾಗಿ ಸೋಲು ಬಂದಾಗ ಅದು ಕುಸಿಯಲಿಲ್ಲ.

ಆದ್ದರಿಂದ ಸಮಿತಿಯಲ್ಲಿ ಕೂತಾಗ ನಾನು ಮೊದಲು ಒಂದು ಹಾಳೆ ಕೇಳುತ್ತೇನೆ. ಹೆಸರುಗಳು ಆಮೇಲೆ. ನಮ್ಮ ತಂಡಕ್ಕೆ ಈಗ ಯಾವ ಕೆಲಸ ಆಗಬೇಕು? ಅದನ್ನು ಮೂರು ನಾಲ್ಕು ವಾಕ್ಯದಲ್ಲಿ ಬರೆದು, ಕಾಲೇಜಿನ ಅಧ್ಯಕ್ಷರ ಸಹಿ ಹಾಕಿಸಬೇಕು. "ಗೆಲ್ಲುವ ಕೋಚ್ ಬೇಕು" ಅಂತ ಬರೆದರೆ ಅದು ಕಾರಣ ಆಗಲಿಲ್ಲ, ಅಲ್ವಾ? "ನಮ್ಮಲ್ಲಿ ದುಡ್ಡು ಕಡಿಮೆ, ಬೇರೆಯವರು ಬೇಡ ಅಂದ ಆಟಗಾರರನ್ನು ಬೆಳೆಸಬಲ್ಲವರು ಬೇಕು" ಅಂತ ಬರೆದರೆ ಅದು ಕಾರಣ. "ಸುತ್ತಲಿನ ಹೈಸ್ಕೂಲ್ ಕೋಚ್‌ಗಳು ನಮ್ಮ ಮೇಲೆ ಮುನಿಸಿಕೊಂಡಿದ್ದಾರೆ, ಆ ಸಂಬಂಧ ಸರಿಮಾಡಬೇಕು" ಅನ್ನುವುದೂ ಕಾರಣ. ಹೀಗೆ ಬರೆದರೆ ಅರ್ಧ ಹೆಸರುಗಳು ತಾನಾಗಿ ಬಿದ್ದುಹೋಗುತ್ತವೆ.

ಎಲ್ಲರ ಮನಸ್ಸನ್ನೂ ಎಳೆಯುವ ಒಂದು ಕಾರಣ ಇದೆ. ನಮ್ಮ ಹಳೆಯ ಆಟಗಾರನನ್ನೇ ಕರೆತರೋಣ ಅನ್ನುವುದು. ಲೂಯಿವಿಲ್ ವಿಶ್ವವಿದ್ಯಾಲಯ 2022ರಲ್ಲಿ ಕೆನ್ನಿ ಪೇಯ್ನ್ ಅವರನ್ನು ತಂದಿತು. 1986ರಲ್ಲಿ ಅದೇ ಕಾಲೇಜು ಚಾಂಪಿಯನ್ ಆದಾಗ ಅವರು ಆ ತಂಡದಲ್ಲಿದ್ದರು. ಅಸಿಸ್ಟೆಂಟ್ ಕೋಚ್ ಆಗಿ ಒಳ್ಳೆಯ ಹೆಸರಿತ್ತು. ಕಾಲೇಜು ತಂಡವೊಂದನ್ನು ತಾವೇ ನಡೆಸಿದ ಅನುಭವ ಇರಲಿಲ್ಲ. ಮೊದಲ ಸೀಸನ್ 4 ಗೆಲುವು, 28 ಸೋಲು. ಎರಡು ಸೀಸನ್ ಸೇರಿಸಿದರೆ 12 ಮತ್ತು 52. ಕೆಂಟಕಿ ವಿಶ್ವವಿದ್ಯಾಲಯ 2024ರಲ್ಲಿ ಮಾರ್ಕ್ ಪೋಪ್ ಅವರನ್ನು ತಂದಿತು. ಅವರೂ ಹಳೆಯ ಆಟಗಾರ, 1996ರ ಚಾಂಪಿಯನ್ ತಂಡದ ನಾಯಕರಲ್ಲೊಬ್ಬರು. ಆದರೆ ಅಷ್ಟರಲ್ಲಿ ಅವರು ಯೂಟಾ ವ್ಯಾಲಿ ಮತ್ತು ಬಿವೈಯು (ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ) ಎರಡೂ ಕಡೆ ಸೇರಿ ಒಂಬತ್ತು ಸೀಸನ್ ಹೆಡ್ ಕೋಚ್ ಆಗಿ ಕೆಲಸ ಮಾಡಿದ್ದರು. ಮೊದಲ ವರ್ಷವೇ ತಂಡವನ್ನು ಟೂರ್ನಿಯ ಕೊನೆಯ ಹದಿನಾರಕ್ಕೆ ಒಯ್ದರು. ಊರಿನ ಪ್ರೀತಿ ಇಬ್ಬರಿಗೂ ಇತ್ತು. ಒಬ್ಬರಿಗೆ ಅದರ ಜೊತೆ ಕೆಲಸದ ರೂಢಿಯೂ ಇತ್ತು.

ಹಾಗಂತ ಅನುಭವವಿಲ್ಲದವರನ್ನು ತರಲೇಬಾರದು ಅಂತ ಅಲ್ಲ. ಶಶೆಫ್‌ಸ್ಕಿ ನಂತರ ಡ್ಯೂಕ್ ಆರಿಸಿದ ಜಾನ್ ಶಾಯರ್ ಕೂಡ ಎಲ್ಲೂ ಹೆಡ್ ಕೋಚ್ ಆಗಿರಲಿಲ್ಲ. ಆದರೆ 2021ರ ಜೂನ್‌ನಲ್ಲೇ ಹೆಸರು ಹೇಳಿದ್ದರಿಂದ ಗುರುವಿನ ಪಕ್ಕದಲ್ಲೇ ಒಂದು ಇಡೀ ವರ್ಷ ತಯಾರಿ ಸಿಕ್ಕಿತು. 2025ರಲ್ಲಿ ಅವರ ತಂಡ ಫೈನಲ್ ಫೋರ್, ಅಂದರೆ ಟೂರ್ನಿಯ ಕೊನೆಯ ನಾಲ್ಕರ ಹಂತ ತಲುಪಿತು. ದೊಡ್ಡವರ ಜಾಗಕ್ಕೆ ಬರುವುದು ನಿಜಕ್ಕೂ ಕಷ್ಟ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಜಾನ್ ವುಡನ್ 12 ವರ್ಷದಲ್ಲಿ 10 ಸಲ ಚಾಂಪಿಯನ್ ಆಗಿ 1975ರಲ್ಲಿ ನಿವೃತ್ತರಾದರು. ನಂತರ ಬಂದ ಜೀನ್ ಬಾರ್ಟೋ 52 ಪಂದ್ಯ ಗೆದ್ದರು, ಸೋತದ್ದು ಬರೀ 9. ಆದರೂ ಟೀಕೆ ನಿಲ್ಲಲಿಲ್ಲ. ಎರಡೇ ವರ್ಷಕ್ಕೆ ಬಿಟ್ಟುಹೋದರು. ಅಂಥ ಕಡೆ ಆಯ್ಕೆ ಮಾಡುವವರು ಹಾಳೆಯ ಮೇಲೆ ಇದನ್ನೂ ಬರೆಯಬೇಕು: ಹೊಸಬರನ್ನು ಹಳಬರ ಜೊತೆ ಹೋಲಿಸಿ ಮಾತಾಡುವವರಿಗೆ ನಾವು ಏನು ಉತ್ತರ ಕೊಡುತ್ತೇವೆ?

ಇನ್ನು ದಾಖಲೆ ಓದುವ ಕೆಲಸ. ಇದು ನನಗೆ ಬಹಳ ಇಷ್ಟದ ಭಾಗ. ಒಂದು ತಂಡ 25 ಪಂದ್ಯ ಗೆದ್ದಿದೆ ಅಂದರೆ ನಾನು ಮೊದಲು ಎದುರಾಳಿಗಳ ಪಟ್ಟಿ ನೋಡುತ್ತೇನೆ. ದೊಡ್ಡ ಕಾಲೇಜುಗಳು ಸೀಸನ್ ಶುರುವಿನಲ್ಲಿ ಸಣ್ಣ ಕಾಲೇಜುಗಳಿಗೆ ದುಡ್ಡು ಕೊಟ್ಟು ತಮ್ಮ ಅಂಗಳಕ್ಕೆ ಕರೆಸಿ ಆಡುತ್ತವೆ. ಆ ಗೆಲುವುಗಳನ್ನು ಬದಿಗಿಡಿ. ಪಂದ್ಯಕ್ಕೆ 80 ಅಂಕ ಹೊಡೆಯುತ್ತಾರೆ ಅಂದರೂ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಕೆಲವು ತಂಡ ಬೇಗ ಬೇಗ ಆಡುತ್ತವೆ, ಕೆಲವು ನಿಧಾನ. 100 ಪೊಸೆಷನ್‌ಗೆ, ಅಂದರೆ ಚೆಂಡು 100 ಸಲ ಕೈಗೆ ಬಂದಾಗ, ಎಷ್ಟು ಅಂಕ ಹೊಡೆದರು, ಎಷ್ಟು ಕೊಟ್ಟರು ಅಂತ ಲೆಕ್ಕ ಹಾಕಬೇಕು. ಎದುರಾಳಿ ಎಷ್ಟು ಗಟ್ಟಿ ಅನ್ನುವುದನ್ನೂ ಸೇರಿಸಿಕೊಳ್ಳಬೇಕು.

ಅದಾದ ಮೇಲೆ ಕಲಿಸುವ ಶಕ್ತಿಯನ್ನು ಅಳೆಯಬೇಕು. ಮುಂಚೆ ಒಬ್ಬ ಹುಡುಗ ಮೊದಲ ವರ್ಷ ಹೇಗಿದ್ದ, ಮೂರನೇ ವರ್ಷ ಹೇಗಾದ ಅಂತ ನೋಡುತ್ತಿದ್ದೆವು. ಈಗ ಅಷ್ಟು ವರ್ಷ ಒಂದೇ ಕಡೆ ನಿಲ್ಲುವವರು ಕಡಿಮೆ. ಹಾಗಾಗಿ ನಾನು ನವೆಂಬರ್ ತಿಂಗಳ ಪಂದ್ಯಗಳನ್ನೂ ಫೆಬ್ರುವರಿ ತಿಂಗಳ ಪಂದ್ಯಗಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಬೆಂಚಿನಿಂದ ಎದ್ದು ಬರುವ ಏಳನೇ ಎಂಟನೇ ಆಟಗಾರನ ಕಾಲು ಡಿಫೆನ್ಸ್‌ನಲ್ಲಿ ಸರಿಯಾದ ಜಾಗಕ್ಕೆ ಬೇಗ ಬರುತ್ತಿದೆಯಾ? ಚೆಂಡು ಕಳೆದುಕೊಳ್ಳುವುದು ಕಡಿಮೆಯಾಗಿದೆಯಾ? ಸ್ಟಾರ್ ಆಟಗಾರ ತನ್ನ ಪ್ರತಿಭೆಯಿಂದಲೇ ಬೆಳೆಯಬಹುದು. ಎಂಟನೆಯವನು ಬೆಳೆದಿದ್ದರೆ ಅದರ ಹಿಂದೆ ಬಹುಪಾಲು ಕೋಚ್ ಕೈ ಇರುತ್ತದೆ.

ಅಭ್ಯರ್ಥಿ ಕೊಟ್ಟ ಫೋನ್ ನಂಬರ್‌ಗಳಿಗೆ ಕರೆ ಮಾಡಿದರೆ ಹೊಗಳಿಕೆಯೇ ಸಿಗುತ್ತದೆ. ಅವರು ಕೊಡದ ನಂಬರ್‌ಗಳನ್ನು ಹುಡುಕಬೇಕು. ಹಳೆಯ ಕಾಲೇಜಿನಲ್ಲಿ ಬಟ್ಟೆ, ಚೆಂಡು ನೋಡಿಕೊಳ್ಳುತ್ತಿದ್ದವರು, ತಂಡದ ಫಿಸಿಯೊ, ಓದಿನ ಸಲಹೆಗಾರರು, ಜಾಸ್ತಿ ಆಡಲು ಅವಕಾಶ ಸಿಗದ ಹುಡುಗನ ತಾಯಿ. ಇವರ ಮಾತಿನಲ್ಲಿ ನಿಜ ಸಿಗುತ್ತದೆ. ಓದಿನ ದಾಖಲೆಯನ್ನೂ ಪರಿಶೀಲಿಸಲೇಬೇಕು. 2014ರಲ್ಲಿ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯ ಒಬ್ಬ ಕೋಚ್ ಜೊತೆ ಮಾತು ಮುಗಿಸಿತ್ತು. ಪರಿಶೀಲನೆಯಲ್ಲಿ ಅವರ ಡಿಗ್ರಿ ಪೂರ್ತಿಯಾಗಿಲ್ಲ ಅಂತ ತಿಳಿದು ಒಪ್ಪಂದವೇ ಮುರಿದುಬಿತ್ತು.

ಸಂದರ್ಶನದಲ್ಲಿ ನಾನು ಸೋತ ಪಂದ್ಯದ ಕೊನೆಯ ಐದು ನಿಮಿಷದ ವಿಡಿಯೊ ಹಾಕುತ್ತೇನೆ. ರಿಮೋಟ್ ಅವರ ಕೈಗೇ ಕೊಡುತ್ತೇನೆ. ಎಲ್ಲಿ ನಿಲ್ಲಿಸುತ್ತಾರೆ, ಯಾರ ಬಗ್ಗೆ ಮಾತಾಡುತ್ತಾರೆ ಅಂತ ಗಮನಿಸುತ್ತೇನೆ. ಒಳ್ಳೆಯ ಕೋಚ್ ತಪ್ಪಿದ ಶಾಟ್ ಹತ್ತಿರ ನಿಲ್ಲಿಸುವುದಿಲ್ಲ. ಅದಕ್ಕೂ ಎರಡು ಪಾಸ್ ಹಿಂದೆ ಹೋಗಿ, ಇಲ್ಲಿ ನಾವು ಏನು ಕಲಿಸಿರಲಿಲ್ಲ ಅಂತ ಹೇಳುತ್ತಾರೆ.

ಈಗಿನ ಕಾಲದ ದೊಡ್ಡ ಬದಲಾವಣೆ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಕೊಡುವ ಆನ್‌ಲೈನ್ ಪಟ್ಟಿ. 2018ರಲ್ಲಿ ಬಂತು. ಮುಂಚೆ ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಿಂದ ಮೊದಲ ಸಲ ಬದಲಿಸುವವರಿಗೆ ಆ ತಡೆ ಹೋಯಿತು. 2024ರಿಂದ ಎಷ್ಟು ಸಲ ಬೇಕಾದರೂ ಬದಲಿಸಿ ಕೂಡಲೇ ಆಡಬಹುದು. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರ ದುಡ್ಡು ಕೊಡುತ್ತಿವೆ. ಎಲ್ಲ ಆಟ ಸೇರಿ ಮೊದಲ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್ ಮಿತಿ. ಹೆಡ್ ಕೋಚ್ ಹೋದರೆ ಆಟಗಾರರೂ ಗಂಟು ಕಟ್ಟುತ್ತಾರೆ. ಪೋಪ್ ಕೆಂಟಕಿಗೆ ಬಂದಾಗ ಹಿಂದಿನ ವರ್ಷದ ಸ್ಕಾಲರ್‌ಶಿಪ್ ಆಟಗಾರರು ಒಬ್ಬರೂ ಉಳಿಯಲಿಲ್ಲ. ಪೂರ್ತಿ ತಂಡವನ್ನು ಹೊಸದಾಗಿ ಕಟ್ಟಿದರು. ಮಿಷಿಗನ್ 8 ಗೆದ್ದು 24 ಸೋತ ವರ್ಷದ ಕೊನೆಗೆ ಡಸ್ಟಿ ಮೇ ಬಂದರು. ತಮ್ಮ ಹಳೆಯ ತಂಡದ ಎತ್ತರದ ಆಟಗಾರ ವ್ಲಾಡಿಸ್ಲಾವ್ ಗೋಲ್ಡಿನ್ ಅವರನ್ನು ಜೊತೆಗೆ ತಂದರು. ಮುಂದಿನ ಸೀಸನ್ 27 ಗೆಲುವು, 10 ಸೋಲು.

ಇದನ್ನು ನೋಡಿ ಅಧ್ಯಕ್ಷರುಗಳು ಒಂದೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ನಂಬಲು ಶುರು ಮಾಡಿದ್ದಾರೆ. ಇದು ನನಗೆ ಚಿಂತೆ ತರುವ ವಿಷಯ. ಸೌತ್ ಕೆರೊಲೈನಾ ಮಹಿಳಾ ತಂಡಕ್ಕೆ 2008ರಲ್ಲಿ ಬಂದ ಡಾನ್ ಸ್ಟೇಲಿ ಮೊದಲ ಸೀಸನ್‌ನಲ್ಲಿ 10 ಗೆದ್ದು 18 ಸೋತರು. ಎರಡನೇ ಸೀಸನ್ 14 ಮತ್ತು 15. ರಾಷ್ಟ್ರೀಯ ಟೂರ್ನಿಗೆ ಹೋದದ್ದು 2012ರಲ್ಲಿ. ಆಮೇಲೆ 2017, 2022, 2024ರಲ್ಲಿ ಚಾಂಪಿಯನ್. ಎರಡನೇ ವರ್ಷಕ್ಕೇ ಅವರನ್ನು ಕಳಿಸಿದ್ದರೆ ಆ ಮೂರೂ ಕಪ್ ಬರುತ್ತಿರಲಿಲ್ಲ. ಅದಕ್ಕೇ ಸಹಿ ಹಾಕಿದ ಆ ಹಾಳೆಯನ್ನು ಪ್ರತಿ ಏಪ್ರಿಲ್‌ನಲ್ಲಿ ತೆಗೆದು ಓದಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಬರೆದ ಕೆಲಸ ಮುಂದೆ ಹೋಗುತ್ತಿದ್ದರೆ ಸೋಲಿನ ವರ್ಷದಲ್ಲೂ ಕೋಚ್ ಪರ ನಿಲ್ಲಬೇಕು. ಆ ಕೆಲಸವೇ ನಡೆಯುತ್ತಿಲ್ಲ ಅಂದರೆ ಗೆದ್ದ ವರ್ಷದಲ್ಲೂ ಕೂತು ಮಾತಾಡಬೇಕು.

ಕರಾರಿನ ಬಗ್ಗೆ ಎರಡು ಮಾತು. ಅವಧಿ ಮುಗಿಯುವ ಮುಂಚೆ ಕೋಚ್ ಅನ್ನು ತೆಗೆದರೆ ಕಾಲೇಜು ಕೊಡಬೇಕಾದ ದುಡ್ಡಿಗೆ ಬೈಔಟ್ ಅನ್ನುತ್ತಾರೆ. ಕೋಚ್ ತಾವಾಗಿ ಬಿಟ್ಟುಹೋದರೆ ಅವರ ಕಡೆಯಿಂದಲೂ ಒಂದು ಬೈಔಟ್ ಇರುತ್ತದೆ. ಸಂಭ್ರಮದಲ್ಲಿ ದೊಡ್ಡ ಮೊತ್ತ ಬರೆದುಬಿಡುವುದು ಸುಲಭ. ನಾನಾದರೆ ಆ ದುಡ್ಡಿನಲ್ಲಿ ಒಂದು ಪಾಲನ್ನು ಅಸಿಸ್ಟೆಂಟ್ ಕೋಚ್‌ಗಳ ಸಂಬಳಕ್ಕೆ ತಿರುಗಿಸುತ್ತೇನೆ. ದಿನಾ ಬೆಳಿಗ್ಗೆ ಜಿಮ್ ಬಾಗಿಲು ತೆಗೆದು ಹುಡುಗರಿಗೆ ಶಾಟ್ ತಿದ್ದುವವರು ಅವರೇ.

ಸಹಿ ಆದ ದಿನ ಪ್ರೆಸ್ ಮೀಟ್ ಸಂಜೆಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಹೊಸ ಕೋಚ್ ಲಾಕರ್ ರೂಮಿಗೆ ಹೋಗಿ ಉಳಿದಿರುವ ಪ್ರತಿಯೊಬ್ಬ ಆಟಗಾರನ ಜೊತೆ ಬೇರೆಬೇರೆಯಾಗಿ ಕೂತು ಮಾತಾಡಲಿ. ಪೋರ್ಟಲ್‌ಗೆ ಹೆಸರು ಕೊಡುವುದೋ ಬೇಡವೋ ಅಂತ ಹೆಚ್ಚಿನವರು ತೀರ್ಮಾನಿಸುವುದು ಆ ಮೊದಲ ಮಾತಿನ ಮೇಲೆ.